ಮನೆಯಲ್ಲಿಲ್ಲದ ಪೆಂಗ್ವಿನ್‌ಗಳು

ಅತ್ತೆಗೆ ಬೇಕಾಗಿದ್ದದ್ದು ಎರಡನೇ ಬಹುಮಾನ. ಬಂದದ್ದು ಮೊದಲನೆಯದು. ತೊಂದರೆ ಶುರುವಾದದ್ದೇ ಅಲ್ಲಿಂದ.

ಎರಡನೇ ಬಹುಮಾನ ಒಂದು ಮಿಕ್ಸರ್. ಅದರ ಆಸೆಗೆ ಅವರು ಒಂಬತ್ತು ತಿಂಗಳು ಒಂದೇ ಕಂಪನಿಯ ಸೋಪಿನ ಪುಡಿ ತಂದು, ಪೊಟ್ಟಣಗಳ ಮೂಲೆ ಕತ್ತರಿಸಿ, ಹದಿನೆಂಟು ಮೂಲೆಗಳನ್ನು ಕಾಗದಕ್ಕೆ ಅಂಟಿಸಿ ಕಳಿಸಿದ್ದರು. ಮೊದಲ ಬಹುಮಾನವೋ, ದೂರದ ಜ್ವಾಲಾಮುಖಿ ದ್ವೀಪಗಳ ಸುತ್ತ ಆರು ದಿನ ಸಣ್ಣ ಹಡಗಿನಲ್ಲಿ ವನ್ಯಜೀವಿ ವೀಕ್ಷಣೆ, ಇಬ್ಬರಿಗೆ.

“ಬದಲಾಯಿಸಿ ಕೊಡ್ತಾರಾ ಕೇಳ್ರೀ,” ಎಂದರು ಅತ್ತೆ. ಮಾವ ಫೋನ್ ಮಾಡಿ ಕೇಳಿದರು. ಆ ಕಡೆಯ ಹುಡುಗಿ ನಕ್ಕು ಫೋನಿಟ್ಟಳು.

ಮೇಲಿನ ಮನೆಯಾಕೆ ಮೆಟ್ಟಿಲ ಮೇಲೇ ನಿಂತು, “ಪುಣ್ಯವಂತರು ಕಣ್ರೀ ನೀವು. ನಮ್ಮನೇಲೂ ಅದೇ ಸೋಪು. ಕೈ ತುರಿಕೆ ಬಿಟ್ರೆ ಇನ್ನೇನೂ ಬರ್ಲಿಲ್ಲ,” ಎಂದು ಹೊಟ್ಟೆ ಉರಿಸಿಕೊಂಡರು.

ಮಾವ ಎಂದರೆ ಮೀಟರ್ ಮಾವ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಮೀಟರ್ ಓದುವ ಕೆಲಸ. ನಿವೃತ್ತಿಗೆ ಇನ್ನು ಏಳು ತಿಂಗಳು. ಅವರ ಪಾಲಿಗೆ ಬಂದ ಬೀದಿಗಳಲ್ಲಿ ಸಾವಿರದ ನೂರು ಮನೆ. ಗೇಟಿನ ಮುಂದೆ ನಿಂತು “ನೀರು!” ಎಂದು ಒಂದು ಕೂಗು ಹಾಕಿ, ಕಬ್ಬಿಣದ ಮುಚ್ಚಳ ಎತ್ತಿ, ಮಂಡಿಯೂರಿ, ಟಾರ್ಚ್ ಬಿಟ್ಟು, ಗೋಡೆಗೆ ಮುಖ ಮಾಡಿರುವ ಮೀಟರಾದರೆ ಜೇಬಿನ ಪುಟ್ಟ ಕನ್ನಡಿ ಹಿಡಿದು ಅಂಕಿ ಓದುವುದು ಅವರ ಕ್ರಮ. ಈ ಕೆಲಸದಲ್ಲಿ ಜನರಿಂದ ದೂರು ಬರುವುದು ಸಾಮಾನ್ಯ. ಮಾವನ ಸೇವಾ ಪುಸ್ತಕದಲ್ಲಿ ಮಾತ್ರ ದೂರಿನ ಪುಟ ಖಾಲಿ. ಆ ಖಾಲಿ ಪುಟದ ಜೆರಾಕ್ಸ್ ಮಾಡಿಸಿ ಅವರು ಮನೆಯಲ್ಲಿಟ್ಟಿದ್ದರು. ನೆಂಟರು ಬಂದರೆ, ಬೇರೆಯವರು ಮದುವೆ ಆಲ್ಬಮ್ ತೋರಿಸುವಂತೆ, ಮಾವ ಅದನ್ನು ತೋರಿಸುತ್ತಿದ್ದರು. ನೆಂಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಏನೂ ಇಲ್ವಲ್ಲ?” ಎಂದರೆ ಮಾವ ಎದೆಯುಬ್ಬಿಸಿ, “ಅದೇ ಮತ್ತೆ!” ಎನ್ನುತ್ತಿದ್ದರು.

ಅಂಥವರು ಹಡಗು ಹತ್ತಿದ ಮೊದಲ ಸಂಜೆಯೇ ಒಂದು ಸಣ್ಣ ಜಂಬಕ್ಕೆ ಬಿದ್ದರು.

ಊಟದ ಮೇಜಿನ ಸುತ್ತ ಹದಿನಾರು ಪ್ರಯಾಣಿಕರೂ ತಂತಮ್ಮ ಪರಿಚಯ ಹೇಳಿಕೊಳ್ಳಬೇಕಾಗಿತ್ತು. ಒಬ್ಬರು ನಿವೃತ್ತ ನ್ಯಾಯಾಧೀಶರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಕುತ್ತಿಗೆಗೆ ತೋಳುದ್ದದ ದುರ್ಬೀನು. ಮತ್ತೊಬ್ಬರು ಮೂರು ಕಾರ್ಖಾನೆಗಳ ಮಾಲೀಕರು. ಮಾವನ ಸರದಿ ಬಂದಾಗ ನಾಲಿಗೆ ಅವರ ಮಾತು ಕೇಳಲಿಲ್ಲ.

“ಜಲ ಸಂಬಂಧಿ ಕ್ಷೇತ್ರ ವೀಕ್ಷಣೆ ಮತ್ತು ದಾಖಲಾತಿ,” ಎಂದರು. “ಮೂವತ್ತೊಂದು ವರ್ಷ.”

ಅತ್ತೆಗೆ ಸೂಪು ನೆತ್ತಿಗೆ ಹತ್ತಿತು.

ಹಡಗಿನ ಗೈಡ್ ಈ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ತರುಣಿ. ಕಣ್ಣರಳಿಸಿ, “ಸಮುದ್ರ ವಿಜ್ಞಾನಿಗಳಾ ಸಾರ್?” ಎಂದಳು. ಮಾವ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಎರಡಕ್ಕೂ ಹೊಂದುವಂತೆ ತಲೆಯಾಡಿಸಿದರು. ಅಂದಿನಿಂದ ಅವರಿಗೆ ಕಿಟಕಿ ಪಕ್ಕದ ಕುರ್ಚಿ ಮೀಸಲಾಯಿತು.

ಮುಂದಿನ ಎರಡು ದಿನ ಮಾವ ಕೋಪದಲ್ಲೇ ಕಳೆದರು. ಕಂಪನಿ ಕೊಟ್ಟ ಕಾಗದದಲ್ಲಿ ಹದಿನಾಲ್ಕು ಪ್ರಾಣಿಗಳ ಪಟ್ಟಿಯಿತ್ತು. ಮಂಗಳವಾರ ಬೆಳಿಗ್ಗೆ ತಿಮಿಂಗಿಲ ಎಂದು ಅಚ್ಚು ಹಾಕಿದ್ದರೂ ತಿಮಿಂಗಿಲ ಬಂದದ್ದು ಬುಧವಾರ ಮಧ್ಯಾಹ್ನ. ಎಲ್ಲರೂ ಕಟಕಟೆಗೆ ಓಡಿ ಕೂಗಾಡುತ್ತಿದ್ದಾಗ ಮಾವ ಕುರ್ಚಿ ಬಿಟ್ಟೇಳದೆ, “ಹೇಳಿದ ದಿನ ಯಾಕೆ ಬರ್ಲಿಲ್ಲ ಅಂತ ಕೇಳೋರೇ ಇಲ್ವಾ?” ಎಂದು ಗುಡುಗಿದರು. ಅತ್ತೆ ಅದಕ್ಕೆ ತಲೆ ಕೆಡಿಸಿಕೊಳ್ಳದೆ ತಿಮಿಂಗಿಲವನ್ನೂ ಅದರ ಮರಿಯನ್ನೂ ಕಣ್ತುಂಬ ನೋಡಿ ಬಂದು, “ನಿಮ್ ಆಫೀಸಿಗಿಂತ ದೊಡ್ಡದಿತ್ತು ಕಣ್ರೀ. ಕೆಲಸಾನೂ ಜಾಸ್ತಿ ಮಾಡ್ತಿತ್ತು,” ಎಂದರು.

ಮೂರನೇ ದಿನ ಸಂಜೆ ಗೈಡ್ ಒಂದು ರಟ್ಟಿನ ಹಲಗೆಗೆ ಸಿಕ್ಕಿಸಿದ ನಮೂನೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

ವಿಷಯ ಗಂಭೀರವಾಗಿತ್ತು. ಮುಂದಿನ ದ್ವೀಪದ ಕಪ್ಪು ಲಾವಾ ಹಾಸಿನ ಬಿರುಕುಗಳಲ್ಲಿ ಒಂದು ಜಾತಿಯ ಚಿಕ್ಕ ಪೆಂಗ್ವಿನ್‌ಗಳು ವಾಸವಾಗಿದ್ದವು. ಎಂಟು ತಿಂಗಳ ಹಿಂದೆ ಬೆಟ್ಟ ಬೂದಿ ಉಗುಳಿತ್ತು. ಹಕ್ಕಿಗಳು ಉಳಿದಿವೆಯೋ ಇಲ್ಲವೋ ಎಂಬುದು ಅಭಯಾರಣ್ಯದ ಕಚೇರಿಗೇ ತಿಳಿದಿರಲಿಲ್ಲ. ವರ್ಷವರ್ಷ ಎಣಿಸುತ್ತಿದ್ದ ದ್ವೀಪದ ಕಾವಲುಗಾರ ನಿವೃತ್ತನಾಗಿದ್ದ. ಈ ಸಲದ ಎಣಿಕೆಯನ್ನು ಹಡಗಿನವರಿಗೆ ವಹಿಸಲಾಗಿತ್ತು.

“ನಿಮ್ಮಂಥೋರು ಹಡಗಿನಲ್ಲಿರುವಾಗ ನಾನು ಎಣಿಸೋದು ಚೆನ್ನಾಗಿರಲ್ಲ ಸಾರ್,” ಎಂದಳು ಗೈಡ್.

ಮಾವ ನಮೂನೆ ನೋಡಿದರು. ಬಿಲದ ಸಂಖ್ಯೆ ಒಂದರಿಂದ ಅರವತ್ನಾಲ್ಕು. ಹಿಂದಿನ ಮೂರು ವರ್ಷದ ಅಂಕಿಗಳು. ಈ ವರ್ಷದ ಅಂಕಿಗೆ ಖಾಲಿ ಮನೆ. ಅವರ ಮೈಯಲ್ಲಿ ಮೂವತ್ತೊಂದು ವರ್ಷದ ಅಭ್ಯಾಸ ಎದ್ದು ಕುಳಿತಿತು.

“ಸಮಯ ಬರೆಯೋಕೆ ಜಾಗ ಎಲ್ಲಿ?”

“ಸಮಯ ಕೇಳಿಲ್ಲ ಸಾರ್.”

“ಎಷ್ಟು ಗಂಟೆಗೆ ನೋಡಿದ್ದು ಅಂತಾನೇ ಇಲ್ದೆ ಇದೆಂಥಾ ದಾಖಲೆ? ಯಾರು ಮಾಡಿದ್ದು ಈ ನಮೂನೆ?” ಎಂದು ಮಾವ ಕಿಡಿಯಾದರು. ದೊಡ್ಡ ವಿಜ್ಞಾನಿಗಳು ಹೀಗೇ ಇರುತ್ತಾರೆ ಎಂದು ಗೈಡ್ ಇನ್ನಷ್ಟು ಗೌರವ ತಾಳಿದಳು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ದೋಣಿ ಲಾವಾ ಹಾಸಿಗೆ ತಾಗಿತು. ಇಳಿಯುವ ಜಾಗದಲ್ಲೇ ಒಂದು ಕಡಲಸಿಂಹ ಅಡ್ಡಡ್ಡ ಮಲಗಿತ್ತು. ದೋಣಿ ಕಂಡದ್ದೇ ತಡ, ಕುತ್ತಿಗೆಯೆತ್ತಿ ಬೊಗಳಿತು. ಮಾವ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆಳೆದುಕೊಂಡರು.

“ಮೊದಲು ಅದನ್ನ ಕಟ್ಟಿ ಹಾಕ್ಸಿ.”

“ಯಾರು ಕಟ್ಟಬೇಕು ಸಾರ್?” ಎಂದ ದೋಣಿಯವನು. ಇಪ್ಪತ್ತು ವರ್ಷದಿಂದ ಇದೇ ನೀರಿನಲ್ಲಿ ದೋಣಿ ನಡೆಸುತ್ತಿದ್ದ ಅವನು, ಕೇಳಿದ್ದಕ್ಕಷ್ಟೇ ಉತ್ತರಿಸುವ ಮನುಷ್ಯ.

“ಸಾಕಿದೋರು!”

“ಅದನ್ನ ಯಾರೂ ಸಾಕಿಲ್ಲ ಸಾರ್. ಅದು ಇಲ್ಲೇ ಇರೋದು.”

“ಎಲ್ಲರೂ ಹೀಗೇ ಹೇಳೋದು,” ಎಂದು ಮಾವ ಗೊಣಗಿದರು. ಆಮೇಲೆ ಗೇಟಿನ ನಾಯಿಗಳ ಮುಂದೆ ಬಳಸುವ ತಮ್ಮ ಹಳೆಯ ಉಪಾಯಕ್ಕೆ ಶರಣಾದರು. ಕಣ್ಣಿಗೆ ಕಣ್ಣು ಕೊಡದೆ, ರಟ್ಟಿನ ಹಲಗೆಯನ್ನು ಮೊಣಕಾಲಿಗೆ ಗುರಾಣಿ ಹಿಡಿದು, ಏಡಿಯಂತೆ ಅಡ್ಡಡ್ಡ ನಡೆದರು. ಕಡಲಸಿಂಹಕ್ಕೆ ಏನನ್ನಿಸಿತೋ, ಜಾರಿ ನೀರಿಗಿಳಿಯಿತು. ಗೈಡ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು.

ಲಾವಾ ಹಾಸಿನ ಮೇಲೆ ಮಾವನಿಗೆ ಪ್ರವಾಸದಲ್ಲಿ ಮೊದಲ ಬಾರಿ ಸಮಾಧಾನವಾಯಿತು. ಪ್ರತಿ ಬಿಲದ ಪಕ್ಕ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿತ್ತು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಅವರ ಬೀದಿಗಳಲ್ಲಿ ಕೂಡ ಇಷ್ಟು ಅಚ್ಚುಕಟ್ಟಿರಲಿಲ್ಲ. ಪ್ರತಿ ಬಿಲದ ಮುಂದೆಯೂ “ನೀರು!” ಎಂದು ಕೂಗಿ, ಮಂಡಿಯೂರಿ, ಟಾರ್ಚ್ ಬಿಟ್ಟು, ಬಿಲ ತಿರುಗಿದ್ದರೆ ಕನ್ನಡಿ ಹಿಡಿದು ನೋಡಿದರು. ಒಳಗಿನಿಂದ ಕೆಲವೆಡೆ ಕತ್ತೆಮರಿಯಂಥ ಸ್ವರದಲ್ಲಿ ಉತ್ತರವೂ ಬಂತು. ದಂಡೆಯಲ್ಲಿ ನಿಂತ ಪ್ರಯಾಣಿಕರು ಇಂಥ ವೈಜ್ಞಾನಿಕ ವಿಧಾನವನ್ನು ಹಿಂದೆಂದೂ ಕಂಡಿರಲಿಲ್ಲ. ಹಲ್ಲಿನ ಡಾಕ್ಟರಂತೂ, “ನಾವೂ ಕನ್ನಡಿ ಹಿಡಿದೇ ನೋಡೋದು,” ಎಂದು ಆತ್ಮೀಯತೆ ತೋರಿದರು.

ಇಪ್ಪತ್ತಮೂರು ಬಿಲಗಳಲ್ಲಿ ಹಕ್ಕಿಗಳು ಸಿಕ್ಕವು. ಒಟ್ಟು ಮೂವತ್ತೊಂದು. ಉಳಿದ ನಲವತ್ತೊಂದು ಬಿಲಗಳು ಖಾಲಿ.

“ಸಂಜೆ ಇನ್ನೊಂದ್ಸಲ ಬರಬೇಕಲ್ಲ?” ಎಂದು ಮಾವ ಕೇಳಿದರು.

“ಸಂಜೆ ಬೇರೆ ದ್ವೀಪ ಸಾರ್. ವೇಳಾಪಟ್ಟಿ.”

ಮಾವ ನಿಟ್ಟುಸಿರು ಬಿಟ್ಟು ಬಂಡೆಯ ಮೇಲೆ ಕುಳಿತು ಪೆನ್ಸಿಲ್ ತೆಗೆದರು.

ಮುಂದೆ ಅವರು ಮಾಡಿದ್ದು ಅವರ ಮಟ್ಟಿಗೆ ನೂರಕ್ಕೆ ನೂರು ಸರಿ. ಬಾಗಿಲು ಹಾಕಿದ ಮನೆಯ ಮೀಟರಿಗೆ ಯಾರೂ ಸೊನ್ನೆ ಬರೆಯುವುದಿಲ್ಲ. ಹಿಂದಿನ ಮೂರು ಅಂಕಿ ಕೂಡಿಸಿ, ಮೂರರಿಂದ ಭಾಗಿಸಿ, ಬಂದ ಸರಾಸರಿ ಬರೆದು, ಪಕ್ಕದಲ್ಲಿ ‘ಬಾ.ಹಾ.’ ಎಂದು ಗುರುತು ಹಾಕಬೇಕು: ಬಾಗಿಲು ಹಾಕಿದೆ. ನಲವತ್ತೊಂದು ಬಿಲಗಳಿಗೂ ಮಾವ ಸರಾಸರಿ ಹಾಕಿದರು, ತೊಂಬತ್ತು ಹಕ್ಕಿಗಳಾದವು. ಒಟ್ಟು ನೂರಿಪ್ಪತ್ತೊಂದು. ಕೆಳಗೆ ಸಹಿ ಮಾಡಿ, ಜಾಗವಿಲ್ಲದಿದ್ದರೂ ಅಂಚಿನಲ್ಲಿ ‘ಬೆ. 9.30ರಿಂದ 11.10’ ಎಂದು ಬರೆದರು.

ಗೈಡ್ ಒಟ್ಟು ನೋಡಿ ಕಿರುಚಿದಳು. ಹಿಂದಿನ ವರ್ಷ ನೂರಿಪ್ಪತ್ನಾಲ್ಕಿತ್ತು. ಅಷ್ಟು ಬೂದಿ ಬಿದ್ದೂ ಮೂರೇ ಕಡಿಮೆ! ‘ಬಾ.ಹಾ.’ ಎಂದರೇನೆಂದು ಅವಳಿಗೆ ತಿಳಿಯಲಿಲ್ಲ. ದೊಡ್ಡವರನ್ನು ಕೇಳಿ ದಡ್ಡಿ ಎನ್ನಿಸಿಕೊಳ್ಳುವುದೇಕೆಂದು ಸುಮ್ಮನಾಗಿ, ಹಡಗಿನ ರೇಡಿಯೊದಲ್ಲಿ ಕಚೇರಿಗೆ ಅಂಕಿ ಮುಟ್ಟಿಸಿದಳು.

ಮರುದಿನ ಬೆಳಗಿನ ತಿಂಡಿಗೆ ಅಭಯಾರಣ್ಯದ ಅಧಿಕಾರಿ ಖುದ್ದಾಗಿ ವೇಗದ ದೋಣಿಯಲ್ಲಿ ಬಂದಿಳಿದರು. ಇಸ್ತ್ರಿ ಮಾಡಿದ ಸಮವಸ್ತ್ರ, ಕೈಯಲ್ಲಿ ಅಭಿನಂದನಾ ಪತ್ರ. ಆ ಹುದ್ದೆಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲೇ ಇಂಥ ಸುದ್ದಿ. ರಾತ್ರಿಯೇ ಅವರು ನಿರ್ದೇಶಕರಿಗೆ ತಿಳಿಸಿದ್ದರು. ನಿರ್ದೇಶಕರು ಸಚಿವರಿಗೆ ತಿಳಿಸಿದ್ದರು. ಸಚಿವರು ತಮ್ಮ ಮುಂದಾಲೋಚನೆಯಿಂದ ಹಕ್ಕಿಗಳು ಉಳಿದವೆಂದು ಬೆಳಗಿನ ವಾರ್ತೆಗೆ ಹೇಳಿಕೆ ಕೊಟ್ಟಾಗಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಿವೃತ್ತ ನ್ಯಾಯಾಧೀಶರು ಮಾತ್ರ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಒಂದು ಸಂದೇಹ,” ಎಂದರು. “ನಾನೂ ದಂಡೇಲೇ ಇದ್ದೆ. ನನ್ನ ಕಣ್ಣಿಗೆ ಬಿದ್ದದ್ದು ಮೂವತ್ತು ಚಿಲ್ಲರೆ. ಉಳಿದ ತೊಂಬತ್ತು ಎಲ್ಲಿದ್ವು?”

“ಮನೇಲಿರ್ಲಿಲ್ಲ,” ಎಂದರು ಮಾವ.

“ಮನೇಲಿಲ್ಲದ್ದನ್ನ ಹೇಗೆ ಎಣಿಸಿದ್ರಿ?”

ಮಾವ ಸಂತೋಷದಿಂದ ಕ್ರಮ ವಿವರಿಸಿದರು. ಮೂರು ವರ್ಷ ಕೂಡಿಸುವುದು, ಮೂರರಿಂದ ಭಾಗಿಸುವುದು, ‘ಬಾ.ಹಾ.’ ಗುರುತು. ವಿವರಣೆ ಮುಗಿದಾಗ ಕಾರ್ಖಾನೆ ಮಾಲೀಕರು ಚಮಚ ಕೆಳಗಿಟ್ಟರು. ಗೈಡಿನ ಮುಖ ಬಿಳಿಚಿತ್ತು. ಅಧಿಕಾರಿಯ ಮುಖಕ್ಕೆ ಮೂರು ಬಣ್ಣ ಬಂದು ಹೋದವು.

“ಇಲ್ಲದ ಹಕ್ಕಿಗಳನ್ನ ಬರೆದ್ರಾ?” ಎಂದರು ಅಧಿಕಾರಿ.

“ಇಲ್ಲದ್ದಲ್ಲ. ಆ ಹೊತ್ತಿಗೆ ಮನೇಲಿ ಇಲ್ಲದ್ದು.”

“ಸಚಿವರು ವಾರ್ತೇಲಿ ಹೇಳಿಬಿಟ್ಟಿದ್ದಾರೆ ಕಣ್ರೀ! ಬಿಲ ಖಾಲಿ ಅಂದ್ರೆ ಸೊನ್ನೆ!”

ಮಾವ ಕುರ್ಚಿ ತಳ್ಳಿ ಎದ್ದರು. “ಸೊನ್ನೆನಾ? ನೀವಿವತ್ತು ಮನೇಲಿದೀರಾ?”

“ನಾನು... ಇಲ್ಲಿದೀನಿ.”

“ಈಗ ನಿಮ್ಮನೆ ಬಾಗಿಲು ತಟ್ಟಿ, ನೀವಿಲ್ಲ ಅಂತ ನೋಡಿ, ನೀವು ಸತ್ತೋದ್ರಿ ಅಂತ ಬರ್ಕೊಂಡು ಹೋಗ್ಲಾ? ಹೇಳಿ! ಬರೀಲಾ?”

ಕಾರ್ಖಾನೆ ಮಾಲೀಕರು ನಕ್ಕರು. ಅಧಿಕಾರಿ ನಗಲಿಲ್ಲ. “ನಿಮಗೆ ಯಾವ ವಿಶ್ವವಿದ್ಯಾಲಯ ಇದನ್ನ ಕಲಿಸಿದ್ದು?” ಎಂದು ಅಬ್ಬರಿಸಿದರು.

ಉತ್ತರ ಕೊಟ್ಟದ್ದು ಅತ್ತೆ. “ವಿಶ್ವವಿದ್ಯಾಲಯ ಅಲ್ಲಪ್ಪ, ವಾಟರ್ ಆಫೀಸು. ಇವರು ಮೀಟರ್ ಓದೋದು. ಮೊದಲ ದಿನವೇ ಬಾಯ್ಬಿಟ್ಟು ಹೇಳಿದ್ರೆ ಇದ್ಯಾವುದೂ ಇರ್ತಿರ್ಲಿಲ್ಲ. ಜಲ ಸಂಬಂಧಿ ಅಂತೆ, ಕ್ಷೇತ್ರ ಅಂತೆ. ನನಗೆ ಮಿಕ್ಸರ್ ಸಾಕಾಗಿತ್ತು.”

ಕಿಟಕಿ ಪಕ್ಕದ ಕುರ್ಚಿಯಲ್ಲಿ ಅಷ್ಟರಲ್ಲಿ ಹಲ್ಲಿನ ಡಾಕ್ಟರು ಕುಳಿತಾಗಿತ್ತು.

ಅಧಿಕಾರಿ ಅಭಿನಂದನಾ ಪತ್ರವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿದರು. “ಸರಿ. ನಿಮ್ಮ ಕಚೇರಿಗೆ ಬರೀತೀನಿ. ಸುಳ್ಳು ದಾಖಲೆ ಸೃಷ್ಟಿ ಅಂತ. ಲಿಖಿತ ದೂರು.”

ದೂರು! ಮಾವನ ಕಣ್ಣ ಮುಂದೆ ಆ ಖಾಲಿ ಪುಟ ಬಂದು ನಿಂತಿತು. ಮೂವತ್ತೊಂದು ವರ್ಷ ನಾಯಿ ಕಚ್ಚಿದರೂ, ಮಳೆಗೆ ನೆನೆದರೂ, ಒಬ್ಬಾಕೆ ಮಹಡಿಯಿಂದ ತಿಳಿಯದೆ ಬಕೆಟ್ ನೀರು ಸುರಿದರೂ ಕಾಪಾಡಿಕೊಂಡು ಬಂದ ಬಿಳಿ ಪುಟ. ನಿವೃತ್ತಿಗೆ ಏಳೇ ತಿಂಗಳು. ದುಃಖಪಡುವುದು ಮಾವನಿಗೆ ಬಾರದ್ದರಿಂದ ಅವರು ಇನ್ನಷ್ಟು ಸಿಟ್ಟಾದರು.

“ಬರೀರಿ! ಆದ್ರೆ ನಿಯಮದ ಪ್ರಕಾರ ಬರೀರಿ. ಓದಿದ್ದರ ಮೇಲೆ ತಕರಾರು ಬಂದ್ರೆ ಮೊದಲು ಮರು-ಓದು ಆಗ್ಬೇಕು. ಬಾಗಿಲು ಹಾಕಿದ್ದ ಮನೆಗೆ ಸಂಜೆ ಹೋಗ್ಬೇಕು. ಕೆಲಸಕ್ಕೆ ಹೋದೋರು ಬರೋದು ಸಂಜೇಗೇ ಅಲ್ವಾ?”

“ಹಕ್ಕಿಗಳು ಆಫೀಸಿಗೆ ಹೋಗಿರ್ತಾವಾ?” ಎಂದು ಅಧಿಕಾರಿ ವ್ಯಂಗ್ಯವಾಡಿದರು.

“ಮೀನು ಹಿಡಿಯೋಕೆ ಹೋಗಿರ್ತಾವೆ,” ಎಂಬ ದನಿ ಬಾಗಿಲಿನಿಂದ ಬಂತು. ದೋಣಿಯವನು ಚಹಾದ ಲೋಟ ಇಡಲು ಬಂದಿದ್ದ. “ಬೆಳಿಗ್ಗೆ ಹೋದ್ರೆ ಸಂಜೇಗೇ ವಾಪಸ್ಸು. ಹಳೇ ಕಾವಲುಗಾರ ಎಣಿಸ್ತಿದ್ದಿದ್ದು ಸಂಜೇನೇ. ಅಲ್ಲೇ ಇರ್ತಿದ್ದ, ಊಟಕ್ಕೆ ಮುಂಚೆ ಎಣಿಸ್ತಿದ್ದ.”

ಗೈಡ್ ಚೀರಿದಳು. “ನಿನ್ನೆ ಯಾಕಣ್ಣ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

“ಆ ನಮೂನೇಲಿ ಸಮಯದ ಜಾಗ ಇದ್ದಿದ್ರೆ!” ಎಂದು ಮಾವ ಮೇಜು ಗುದ್ದಿದರು. ಲೋಟಗಳು ಎಗರಿದವು. “ಮೂರು ವರ್ಷದ ಅಂಕಿ ಸಂಜೇದು, ನನಗೆ ಕಳಿಸಿದ್ದು ಬೆಳಿಗ್ಗೆ! ತಪ್ಪು ಯಾರದ್ದು?”

ನ್ಯಾಯಾಧೀಶರು ಬೆಣ್ಣೆ ಚಾಕುವಿನಿಂದ ಮೇಜಿಗೆ ಎರಡು ಸಲ ತಟ್ಟಿ, “ಮರು-ಓದು ಆಗಲಿ,” ಎಂದು ಆಜ್ಞೆ ಮಾಡಿದರು. ಅಧಿಕಾರಿಗೂ ಬೇರೆ ದಾರಿಯಿರಲಿಲ್ಲ. ಸಚಿವರ ಮಾತು ಉಳಿಯಬೇಕಾದರೆ ಆ ತೊಂಬತ್ತು ಹಕ್ಕಿಗಳು ಮನೆಗೆ ಬರಲೇಬೇಕಾಗಿತ್ತು.

ಸಂಜೆ ಐದಕ್ಕೆ ಇಡೀ ಹಡಗು ಲಾವಾ ಹಾಸಿನ ದಂಡೆಗೆ ಬಂದು ಕುಳಿತಿತು. ಒಂದು ಗಂಟೆ ಏನೂ ಆಗಲಿಲ್ಲ. ಅಧಿಕಾರಿ ಪ್ರತಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಮಾವನನ್ನು ನೋಡಿದರು. ಮಾವ ಪ್ರತಿ ಐದು ನಿಮಿಷಕ್ಕೊಮ್ಮೆ ಅವರಿಗೆ ಬೆನ್ನು ತಿರುಗಿಸಿದರು. “ಬರ್ದೇ ಇದ್ರೆ ಏನ್ರೀ ಮಾಡೋದು?” ಎಂದು ಅತ್ತೆ ಪಿಸುಗುಟ್ಟಿದರು. “ಬರ್ದೇ ಎಲ್ಲಿಗೆ ಹೋಗ್ತಾವೆ? ಮನೆ ಇಲ್ಲಿದೆ,” ಎಂದರು ಮಾವ. ದನಿ ಮಾತ್ರ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಆರೂ ಐದಕ್ಕೆ ಅಲೆಯಿಂದ ಒಂದು ಕಪ್ಪು ತಲೆ ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ನೀರೇ ಕುದಿದಂತಾಗಿ ಹತ್ತು, ಇಪ್ಪತ್ತು ಪೆಂಗ್ವಿನ್‌ಗಳು ಬಂಡೆಗೆ ಎಗರಿ, ಮೈ ಕೊಡವಿ, ದಿನವಿಡೀ ದುಡಿದು ಬಂದವರ ಬಿಗುಮಾನದಲ್ಲಿ ಯಾರ ಮುಖವನ್ನೂ ನೋಡದೆ ತಂತಮ್ಮ ಬಿಲಗಳತ್ತ ಹೆಜ್ಜೆ ಹಾಕಿದವು. ಪ್ರಯಾಣಿಕರು ಉಸಿರು ಬಿಗಿಹಿಡಿದು ನೋಡಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು. ಮಾವ ಮಾತ್ರ ಹಕ್ಕಿಗಳನ್ನು ನೋಡಲಿಲ್ಲ. ಅವು ಒಳಗೆ ಹೋಗುತ್ತಿದ್ದ ಬಿಲದ ಸಂಖ್ಯೆ ನೋಡುತ್ತಿದ್ದರು.

ಮಾವ ಒಂದು ಕಡೆಯಿಂದ, ಅಧಿಕಾರಿ ಇನ್ನೊಂದು ಕಡೆಯಿಂದ ಟಾರ್ಚ್ ಹಿಡಿದು ಎಣಿಸಿದರು. ನಡುವೆ ನ್ಯಾಯಾಧೀಶರು ಸಾಕ್ಷಿ. ಕೊನೆಗೆ ಅಧಿಕಾರಿ ಕೂಡಿಸಿದರು, ಮತ್ತೆ ಕೂಡಿಸಿದರು, ಟೋಪಿ ತೆಗೆದು ಗಾಳಿಗೆ ಎಸೆದರು.

“ನೂರಿಪ್ಪತ್ತೊಂದು! ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ!”

ದಂಡೆಯೆಲ್ಲ ಕುಣಿಯಿತು. ಗೈಡ್ ಅತ್ತೆಯನ್ನು ತಬ್ಬಿಕೊಂಡಳು. ಅಧಿಕಾರಿ ಜೇಬಿನಿಂದ ಅಭಿನಂದನಾ ಪತ್ರ ತೆಗೆದು, ತೊಡೆಯ ಮೇಲಿಟ್ಟು ಸುಕ್ಕು ಬಿಡಿಸತೊಡಗಿದರು. “ಕ್ಷಮಿಸಿ ಸಾರ್. ದೂರೂ ಇಲ್ಲ, ಏನೂ ಇಲ್ಲ.”

ಮಾವ ಕದಲಲಿಲ್ಲ. ಅವರು ಒಂದು ಬಂಡೆಯ ಹಿಂದೆ ಮಂಡಿಯೂರಿ ಕನ್ನಡಿ ಹಿಡಿದಿದ್ದರು.

“ಇದು ಯಾರದ್ದು?”

ಅಲ್ಲೊಂದು ಬಿಲವಿತ್ತು. ಒಳಗೆ ಎರಡು ಪೆಂಗ್ವಿನ್‌ಗಳಿದ್ದವು. ಪಕ್ಕದ ಬಂಡೆ ಬೋಳು, ಸಂಖ್ಯೆಯಿರಲಿಲ್ಲ.

“ಈ ಎರಡನ್ನ ಸೇರಿಸಿದ್ರಾ?” ಎಂದು ಮಾವ ಕೇಳಿದರು.

“ಸೇರಿಸ್ದೆ. ಹಕ್ಕಿ ತಾನೇ?”

“ನಂಬರಿಲ್ಲದ ಮನೆ! ಅನಧಿಕೃತ! ನಿಮ್ಮ ನಮೂನೇಲೇ ಇಲ್ಲ!” ಮಾವ ಕನ್ನಡಿಯನ್ನು ಜೇಬಿಗೆ ತುರುಕಿ ಎದ್ದರು. “ನಾನು ಬರೆದದ್ದು ನಂಬರಿರೋ ಅರವತ್ನಾಲ್ಕಕ್ಕೆ. ಅದರಲ್ಲಿರೋದು ನೂರಾ ಹತ್ತೊಂಬತ್ತು. ನನ್ನ ಓದು ಎರಡು ತಪ್ಪಿದೆ!”

“ಒಟ್ಟು ಸರಿ ಬಂತಲ್ಲ ಸಾರ್. ಹೋಗ್ಲಿ ಬಿಡಿ.”

“ಪಕ್ಕದ ಮನೆ ನೀರು ಸೇರಿಸಿ ಸರಿ ಮಾಡ್ಕೊಳ್ಳೋ ಜಾತಿ ನಾನಲ್ಲ. ಮೊದಲು ಇಲ್ಲಿ ಅರವತ್ತೈದು ಅಂತ ಬರೀರಿ. ಆಮೇಲೆ ದೂರು ಬರೀರಿ.”

“ಯಾರ ಮೇಲೆ?”

“ನನ್ನ ಮೇಲೆ!”

ಅಧಿಕಾರಿ ಬೇಡಿಕೊಂಡರು. ಗೈಡ್ ಬೇಡಿಕೊಂಡಳು. ನ್ಯಾಯಾಧೀಶರು ಮಾತ್ರ, ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಆಪಾದಿತನನ್ನು ಕಂಡಿರಲಿಲ್ಲವೆಂದು ಹೇಳಿ, ತಮ್ಮದೇ ಪೆನ್ನು ಕೊಟ್ಟರು. ದೋಣಿಯವನು ದೋಣಿಗೆ ಬಳಿಯುವ ಬಿಳಿ ಬಣ್ಣ ತಂದ. ಅಧಿಕಾರಿ ಮಂಡಿಯೂರಿ ‘65’ ಬರೆದರು. ಆರು ಸ್ವಲ್ಪ ಸೊಟ್ಟಗಾಯಿತೆಂದು ಮಾವ ಅಳಿಸಿ ಬರೆಸಿದರು. ಒಳಗಿದ್ದ ಎರಡು ಹಕ್ಕಿಗಳು ಕತ್ತು ಚಾಚಿ ತಮ್ಮ ಹೊಸ ವಿಳಾಸ ನೋಡಿದವು. ಕೊನೆಗೆ ಅಭಿನಂದನಾ ಪತ್ರದ ಹಿಂಬದಿಯಲ್ಲೇ, ಬೇರೆ ಕಾಗದವಿಲ್ಲದೆ, ದೂರು ತಯಾರಾಯಿತು: ‘ಎಣಿಕೆದಾರರು ಎರಡು ಪೆಂಗ್ವಿನ್‌ಗಳನ್ನು ಹೆಚ್ಚಾಗಿ ದಾಖಲಿಸಿರುತ್ತಾರೆ.’ ಸಹಿ, ಮೊಹರು.

ಎಲ್ಲರನ್ನೂ ಹೊತ್ತ ದೋಣಿ ಹಡಗಿನತ್ತ ಹೊರಟಿತು. ಅಧಿಕಾರಿ ದಂಡೆಯಲ್ಲೇ ನಿಂತು, ಈ ಮನುಷ್ಯ ದೂರವಾಗುತ್ತಿರುವುದನ್ನು ಖಚಿತಪಡಿಸಿಕೊಳ್ಳುತ್ತಿದ್ದರು.

“ಖಾಲಿ ಪುಟ ಹೋಯ್ತಲ್ರೀ,” ಎಂದರು ಅತ್ತೆ ಮೆಲ್ಲಗೆ.

“ಹೋಗ್ಲಿ. ಇದ್ದದ್ದನ್ನ ಬರೆದದ್ದಕ್ಕೆ ತಾನೇ ಹೋದದ್ದು?” ಮಾವ ಟಾರ್ಚ್ ಬೆಳಕಿನಲ್ಲಿ ಪತ್ರವನ್ನು ಎರಡನೇ ಸಲ ಓದಿದರು. ಮುಖದಲ್ಲಿ ಒಂದು ಬಗೆಯ ತೃಪ್ತಿಯಿತ್ತು. ನೆಂಟರಿಗೆ ತೋರಿಸಲು ಈಗ ಪುಟದಲ್ಲಿ ಏನಾದರೂ ಇತ್ತು. ಮೂರನೇ ಸಲ ಓದುವಾಗ ಹುಬ್ಬು ಮೇಲೇರಿತು.

“ಏನ್ರೀ ಮತ್ತೆ?”

“ಸಮಯ!” ಎಂದು ಮಾವ ದೋಣಿ ಅಲುಗುವಂತೆ ಎದ್ದು ನಿಂತರು. “ಎಷ್ಟು ಗಂಟೆಗೆ ಎಣಿಸಿದ್ದು ಅಂತ ಬರೆದೇ ಇಲ್ಲ! ಇಷ್ಟೆಲ್ಲ ಆದ್ಮೇಲೂ ಬರೆದೇ ಇಲ್ಲ!”

ದೋಣಿಯವನು, ಈ ಸಲ ಯಾರೂ ಕೇಳದಿದ್ದರೂ, ಬಾಯಿಬಿಟ್ಟ. “ಆರೂ ನಲವತ್ತು ಸಾರ್. ನಾನೇ ನೋಡಿದೀನಿ. ನೀವೇ ಬರ್ಕೊಳ್ಳಿ.”

“ಇನ್ನೊಬ್ಬರು ಸಹಿ ಮಾಡಿದ ಪತ್ರದಲ್ಲಿ ನಾನು ಬರೆದ್ರೆ ಅದು ತಿದ್ದುಪಡಿ. ತಿರುಗಿಸಪ್ಪ ದೋಣಿ!”

ದೋಣಿ ತಿರುಗಿತು. ಅದನ್ನು ಕಂಡ ಅಧಿಕಾರಿ ಮೊದಲು ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಅಡಗಲು ಬಂಡೆಯೊಂದನ್ನು ಹುಡುಕತೊಡಗಿದರು. ಇಳಿಯುವ ಜಾಗದಲ್ಲಿ ಕಡಲಸಿಂಹ ಆಗಲೇ ಮತ್ತೆ ಬಂದು ಮಲಗಿತ್ತು. ದೋಣಿಯಲ್ಲಿ ಯಾರಿದ್ದಾರೆಂದು ಕುತ್ತಿಗೆಯೆತ್ತಿ ನೋಡಿತು. ಬೊಗಳುವ ಗೋಜಿಗೂ ಹೋಗದೆ ತಾನೇ ನೀರಿಗಿಳಿಯಿತು.